ಜಮಾ ಆದ ಕ್ರೆಡಿಟ್ಟೆಲ್ಲ ಪದವಿಗೆ ಸಲ್ಲುವುದಿಲ್ಲ

ಅರ್ಧಕ್ಕೆ ನಿಂತ ಪದವಿಯನ್ನು ನೌಕರಿ ಮಾಡುತ್ತಲೇ ಮುಗಿಸಬೇಕೆಂದು ಸಲಹೆ ಕೇಳಲು ಬರುವವರಲ್ಲಿ ಈಚೆಗೆ ಒಂದು ಹೊಸ ಧೈರ್ಯ ಕಾಣುತ್ತಿದೆ. ಕುರ್ಚಿಯಲ್ಲಿ ಕೂರುವ ಮೊದಲೇ ಮೊಬೈಲ್ ತೆರೆದು, ಸರ್ಕಾರದ ದಾಖಲೆ ಆ್ಯಪ್ ಡಿಜಿಲಾಕರಿನಲ್ಲಿ ತಮ್ಮ ಹೆಸರಿನ ಮುಂದಿರುವ ಕ್ರೆಡಿಟ್‌ಗಳ, ಅಂದರೆ ಪಾಸಾದ ಕೋರ್ಸಿಗೆ ಓದಿನ ಗಂಟೆಗಳ ಲೆಕ್ಕದಲ್ಲಿ ಸಿಗುವ ಅಂಶಗಳ, ಅಂಕಿಯನ್ನು ತೋರಿಸಿ, "ಸರ್, ನನ್ನ ಖಾತ್ಯಾಗ ಮೂವತ್ತು ಕ್ರೆಡಿಟ್ ಅದಾವ್ರಿ. ಇನ್ನ ತೊಂಬತ್ತು ಎಲ್ಲಿ ಲಗೂನ ಸಿಗ್ತಾವ ಹೇಳ್ರಿ, ಮುಗಿಸಿಬಿಡ್ತೇನಿ" ಎನ್ನುತ್ತಾರೆ. ಹುಬ್ಬಳ್ಳಿಯ ರೈಲ್ವೆ ಕಾರ್ಯಾಗಾರದ ನೌಕರರು, ಸಾರಿಗೆ ಡಿಪೊದ ಗುಮಾಸ್ತರು, ಗದಗ-ಬೆಟಗೇರಿಯ ಮುದ್ರಣಾಲಯಗಳಲ್ಲಿ ದುಡಿಯುವವರು, ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ಲೆಕ್ಕ ಬರೆಯುವವರು ಎಲ್ಲರದೂ ಹೆಚ್ಚುಕಡಿಮೆ ಇದೇ ಮಾತು. ಬಡ್ತಿಯ ಪಟ್ಟಿ ಹೊರಬೀಳುವ ಮೊದಲು ಪದವಿ ಕೈಗೆ ಬರಲಿ ಎಂಬ ಅವರ ಆತುರವನ್ನು ನಾನು ತಪ್ಪೆನ್ನುವುದಿಲ್ಲ. ಎಂಟು ತಾಸು ದುಡಿದು, ಮಕ್ಕಳ ಹೋಂವರ್ಕ್ ಮುಗಿಸಿ, ಆಮೇಲೆ ತಮ್ಮ ಪುಸ್ತಕ ತೆರೆಯುವವರ ಬಗ್ಗೆ ನನಗೆ ಗೌರವವೇ ಇದೆ. ಆದರೆ ಪದವಿಗೆ ಬೇಕಾದ 120ರಲ್ಲಿ ಮೂವತ್ತು ಕಳೆದ ಆ ತೊಂಬತ್ತರ ಲೆಕ್ಕವಿದೆಯಲ್ಲ, ಅದು ತಪ್ಪು. ಎಷ್ಟು ಸಲ ಬಿಡಿಸಿ ಹೇಳಿದರೂ ಮುಂದಿನ ವಾರ ಇನ್ನೊಬ್ಬರು ಅದೇ ಲೆಕ್ಕ ಹಿಡಿದು ಬರುವುದರಿಂದ, ಒಮ್ಮೆ ಬರೆದೇ ಬಿಡುತ್ತಿದ್ದೇನೆ.

ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್, ಅಂದರೆ ಎಬಿಸಿ, ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2021ರ ನಿಯಮಗಳಡಿ ಬಂದ ವ್ಯವಸ್ಥೆ. ವಿದ್ಯಾರ್ಥಿಗೆ 12 ಅಂಕಿಗಳ ಒಂದು ಗುರುತಿನ ಸಂಖ್ಯೆ ಸಿಗುತ್ತದೆ. ಈಗ ಅದನ್ನೇ ಅಪಾರ್ ಎಂದು ಕರೆಯುತ್ತಾರೆ. ಆ ಖಾತೆಗೆ ವಿದ್ಯಾರ್ಥಿ ತಾನಾಗಿ ಏನನ್ನೂ ಜಮಾ ಮಾಡಲಾರ. ಕೋರ್ಸು ನಡೆಸಿ ಪರೀಕ್ಷೆ ಮಾಡಿದ ಸಂಸ್ಥೆಯೇ ಜಮಾ ಮಾಡಬೇಕು. ಹಾಗೆ ಜಮಾ ಆದದ್ದು, ಇಂಥವರು ಇಂಥ ಕಡೆ ಇಂಥ ವಿಷಯದಲ್ಲಿ ಉತ್ತೀರ್ಣರಾಗಿದ್ದಾರೆ ಎಂಬ ದಾಖಲೆ ಮಾತ್ರ. ಅದು ಪದವಿಯ ಒಂದು ಭಾಗವಾಗುವುದು, ಪದವಿ ಕೊಡುವ ವಿಶ್ವವಿದ್ಯಾಲಯ "ಇದನ್ನು ನಮ್ಮ ಪಠ್ಯಕ್ರಮದ ಇಂಥ ಪತ್ರಿಕೆಯ ಬದಲಿಗೆ ಒಪ್ಪಿಕೊಂಡಿದ್ದೇವೆ" ಎಂದು ತೀರ್ಮಾನಿಸಿದಾಗ. ಎಬಿಸಿ ಯಾರಿಗೂ ಪದವಿ ಕೊಡುವುದಿಲ್ಲ; ಯಾವ ವಿಶ್ವವಿದ್ಯಾಲಯಕ್ಕೂ "ಇವರ ಕ್ರೆಡಿಟ್ ಒಪ್ಪಿಕೊಳ್ಳಿ" ಎಂದು ಆಜ್ಞೆ ಮಾಡುವುದೂ ಇಲ್ಲ.

ಇದರ ಜೊತೆಗೆ ಇನ್ನಷ್ಟು ಕಟ್ಟುಗಳಿವೆ. ಪದವಿ ಕೊಡುವ ಸಂಸ್ಥೆಯಲ್ಲೇ ಕನಿಷ್ಠ ಶೇ. 50ರಷ್ಟು ಕ್ರೆಡಿಟ್ ಗಳಿಸಿರಬೇಕು. ಕ್ರೆಡಿಟ್‌ನ ಆಯುಷ್ಯ ಗರಿಷ್ಠ 7 ವರ್ಷ. ಒಂದು ಪದವಿಗೆ ಬಳಸಿದ ಕ್ರೆಡಿಟ್ ಖಾತೆಯಿಂದ ಕಳೆದುಹೋಗುತ್ತದೆ, ಅದನ್ನು ಮತ್ತೊಂದಕ್ಕೆ ತೋರಿಸಲು ಬರುವುದಿಲ್ಲ. ಇವೆಲ್ಲ ಒಂದು ಸಲ ಹೇಳಿದರೆ ಜನರಿಗೆ ಅರ್ಥವಾಗುತ್ತವೆ. ಅರ್ಥವಾಗದೆ ಉಳಿಯುವುದು ಮೇಲೆ ಹೇಳಿದ ಒಪ್ಪಿಗೆಯ ಮಾತು.

ಅಮರಗೋಳದ ಎಪಿಎಂಸಿಯಲ್ಲಿ ದಲಾಲಿ ಅಂಗಡಿಯೊಂದರ ಲೆಕ್ಕ ನೋಡಿಕೊಳ್ಳುವ ಒಬ್ಬರು ಬಂದಿದ್ದರು. ಬಹಳ ಶ್ರದ್ಧೆಯ ಮನುಷ್ಯ. ರಾತ್ರಿ ಅಂಗಡಿ ಮುಚ್ಚಿದ ಮೇಲೆ ಓದಿ, ಕೇಂದ್ರ ಸರ್ಕಾರದ ಆನ್‌ಲೈನ್ ಕೋರ್ಸುಗಳ ‘ಸ್ವಯಂ’ ವೇದಿಕೆಯಲ್ಲಿ ಪೈಥಾನ್, ದತ್ತಾಂಶ ವಿಶ್ಲೇಷಣೆ, ಡಿಜಿಟಲ್ ಮಾರ್ಕೆಟಿಂಗ್, ಸಂವಹನ ಕೌಶಲ ಎಂದು ಕೈಗೆ ಸಿಕ್ಕದ್ದನ್ನೆಲ್ಲ ಮುಗಿಸಿದ್ದರು. ಪ್ರಮಾಣಪತ್ರಗಳನ್ನು ಬಣ್ಣದಲ್ಲಿ ಮುದ್ರಿಸಿ, ಒಂದೊಂದನ್ನೂ ಪ್ಲಾಸ್ಟಿಕ್ ಹಾಳೆಯಲ್ಲಿ ಹಾಕಿ, ಫೈಲಿನ ಮೊದಲ ಪುಟದಲ್ಲಿ ಖಾತೆ ಪುಸ್ತಕದಂತೆ ಕ್ರೆಡಿಟ್‌ಗಳನ್ನು ಕೂಡಿಸಿ ಮೊತ್ತದ ಕೆಳಗೆ ಎರಡು ಗೆರೆ ಎಳೆದಿದ್ದರು. ಅವರಿಗೆ ಬೇಕಾಗಿದ್ದು ಬಿ.ಕಾಂ. ಪದವಿ. ಬಿ.ಕಾಂ. ಎಂದರೆ ಹಣಕಾಸು ಲೆಕ್ಕಶಾಸ್ತ್ರ, ಕಾರ್ಪೊರೇಟ್ ಲೆಕ್ಕಶಾಸ್ತ್ರ, ವೆಚ್ಚ ಲೆಕ್ಕ, ಆದಾಯ ತೆರಿಗೆ, ಎರಡು ಭಾಷೆ, ಅಲ್ಲೊಂದು ಇಲ್ಲೊಂದು ಐಚ್ಛಿಕ ಪತ್ರಿಕೆ. ಅವರು ಗಳಿಸಿದ್ದೆಲ್ಲವೂ ಆ ಐಚ್ಛಿಕದ ಸಾಲಿನಲ್ಲಿ ನಿಲ್ಲುವಂಥವು. ಆ ಸಾಲಿನಲ್ಲಿ ಇದ್ದದ್ದೇ ಒಂದೆರಡು ಸ್ಥಾನ. ದಿನವಿಡೀ ಲೆಕ್ಕದಲ್ಲೇ ಮುಳುಗಿರುವ ಅವರು ಲೆಕ್ಕಶಾಸ್ತ್ರದ ಒಂದು ಕೋರ್ಸನ್ನೂ ಮಾಡಿರಲಿಲ್ಲ, "ಅದು ನನಗ ಬರ್ತದಲ್ರಿ, ಮತ್ತ್ಯಾಕ ಮಾಡ್ಲಿ" ಎಂದು.

ಬಜಾರಿನಲ್ಲಿ ಅಗ್ಗಕ್ಕೆ ಸಿಕ್ಕ ತುಂಡು ಬಟ್ಟೆಗಳನ್ನೆಲ್ಲ ಗಂಟು ಕಟ್ಟಿ ತಂದು ಸಿಂಪಿಗರ ಮುಂದಿಟ್ಟು, ಅಳತೆಗೆ ಸಾಕಷ್ಟು ಮೀಟರ್ ಇದೆ, ಕೋಟು ಹೊಲಿದುಕೊಡಿ ಎಂದರೆ ಅವರೇನು ಮಾಡಿಯಾರು? ತೋಳಿಗೆ ಬೇಕಾದ ತುಂಡೇ ಅದರಲ್ಲಿರುವುದಿಲ್ಲ. ಪದವಿಗೆ 120 ಕ್ರೆಡಿಟ್ ಬೇಕು ಎಂಬುದು ನಿಜ, ಮೂರು ವರ್ಷದ ಪದವಿಗೆ ರಾಷ್ಟ್ರೀಯ ಚೌಕಟ್ಟಿನಲ್ಲಿ ಕನಿಷ್ಠ ಅಷ್ಟನ್ನು ಹೇಳಲಾಗಿದೆ. ಆದರೆ ಯಾವುದಾದರೂ 120 ಸಾಕು ಎಂದು ಎಲ್ಲಿಯೂ ಹೇಳಿಲ್ಲ. ಮುಖ್ಯ ವಿಷಯಕ್ಕೆ ಇಷ್ಟು, ಭಾಷೆಗೆ ಇಷ್ಟು, ಕೌಶಲಕ್ಕೆ ಇಷ್ಟು ಎಂದು ಹಂಚಿಕೆ ಇರುತ್ತದೆ, ಆ ಹಂಚಿಕೆ ವಿಶ್ವವಿದ್ಯಾಲಯದಿಂದ ವಿಶ್ವವಿದ್ಯಾಲಯಕ್ಕೆ ಬೇರೆಯಾಗುತ್ತದೆ. ಕ್ರೆಡಿಟ್ ಎಂಬ ಅಳತೆಯೂ ಎಲ್ಲ ಕಡೆ ಒಂದೇ ಅಲ್ಲ: ತರಗತಿ ನಡೆಯುವ ಕಾಲೇಜಿನಲ್ಲಿ ಒಂದು ಕ್ರೆಡಿಟ್ ಎಂದರೆ ಸೆಮಿಸ್ಟರಿಗೆ ಸುಮಾರು 15 ಗಂಟೆಗಳ ಬೋಧನೆ, ದೂರಶಿಕ್ಷಣ ಕೊಡುವ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ, ಅಂದರೆ ಇಗ್ನೋದಲ್ಲಿ 30 ಗಂಟೆಗಳ ಒಟ್ಟು ಅಧ್ಯಯನ.

ಆದ್ದರಿಂದ ಕೆಲಸ ಹಿಂದಿನಿಂದ ಮುಂದಕ್ಕೆ ನಡೆಯಬೇಕು. ಮೊದಲು ಪದವಿ ಯಾರಿಂದ ಪಡೆಯುತ್ತೀರಿ ಎಂಬುದನ್ನು ಗೊತ್ತುಮಾಡಿಕೊಳ್ಳಿ. ಆ ವಿಶ್ವವಿದ್ಯಾಲಯದ ಆ ವರ್ಷದ ಪಠ್ಯಕ್ರಮವನ್ನು ಇಟ್ಟುಕೊಂಡು, ಯಾವ ಪತ್ರಿಕೆಯ ಬದಲಿಗೆ ಹೊರಗಿನ ಕೋರ್ಸನ್ನು ಒಪ್ಪುತ್ತಾರೆ ಎಂದು ಕುಲಸಚಿವರ ಕಚೇರಿಗೆ ಲಿಖಿತವಾಗಿ ಕೇಳಿ. ಆ ಉತ್ತರ ಕೈಗೆ ಬಂದ ಮೇಲೆ ಕೋರ್ಸಿಗೆ ಹೆಸರು ನೋಂದಾಯಿಸಿ. "ಕೌಂಟರಿನ್ಯಾಗ ಕೇಳೇನ್ರಿ, ಆಗ್ತದ ಅಂದಾರ" ಎನ್ನುವುದು ಉತ್ತರವಲ್ಲ. ಕೌಂಟರಿನಲ್ಲಿದ್ದವರು ಒಳ್ಳೆಯ ಮನಸ್ಸಿನಿಂದಲೇ ಹೇಳಿರಬಹುದು, ಆದರೆ ಎರಡು ವರ್ಷ ಬಿಟ್ಟು ನಿಮ್ಮ ಫೈಲು ಬಂದಾಗ ಆ ಕುರ್ಚಿಯಲ್ಲಿ ಬೇರೆಯವರಿರುತ್ತಾರೆ. ಕೇಳುವಾಗಲೂ "ನನ್ನ ಕ್ರೆಡಿಟ್ ತಗೋತೀರೇನು" ಎಂದು ಮೋಘಮ್ ಆಗಿ ಕೇಳಿದರೆ "ನಿಯಮಾನುಸಾರ ಪರಿಶೀಲಿಸಲಾಗುವುದು" ಎಂಬ ಮೋಘಮ್ ಉತ್ತರವೇ ಬರುತ್ತದೆ. ಕೋರ್ಸಿನ ಹೆಸರು, ಸಂಕೇತ ಸಂಖ್ಯೆ, ನಡೆಸಿದ ಸಂಸ್ಥೆ, ವಾರಗಳು, ಕ್ರೆಡಿಟ್, ಅದರ ಪಠ್ಯವಸ್ತು, ಅದರ ಎದುರಿಗೆ ನೀವು ಬಿಡಬೇಕೆಂದಿರುವ ಪತ್ರಿಕೆಯ ಹೆಸರು, ಇಷ್ಟನ್ನು ಒಂದೇ ಹಾಳೆಯಲ್ಲಿ ಬರೆದು ಕೊಟ್ಟರೆ ಆಗುವುದೋ ಇಲ್ಲವೋ ಎಂದು ಹೇಳಲು ಅವರಿಗೂ ಸುಲಭ.

ಸ್ವಯಂ ಬಗ್ಗೆ ಒಂದು ಮಾತು. ಒಂದು ಸೆಮಿಸ್ಟರಿನಲ್ಲಿ ನೀಡುವ ಒಟ್ಟು ಕೋರ್ಸುಗಳಲ್ಲಿ ಶೇ. 40ರವರೆಗೆ ಅದರ ಮೂಲಕ ಪಡೆಯಲು ಯುಜಿಸಿ ಅವಕಾಶ ಕೊಟ್ಟಿದೆ. "ವರೆಗೆ" ಎಂದರೆ ಅದು ಮೇಲಿನ ಮಿತಿ. ನಿಮ್ಮ ವಿಶ್ವವಿದ್ಯಾಲಯ ಆ ಸೆಮಿಸ್ಟರಿಗೆ ಯಾವ ಕೋರ್ಸುಗಳನ್ನು ಪಟ್ಟಿ ಮಾಡಿದೆಯೋ ಅವಷ್ಟೇ ಸಲ್ಲುತ್ತವೆ. ಪಾಠ ಕೇಳುವುದು ಉಚಿತ, ಆದರೆ ಕ್ರೆಡಿಟ್ ಸಿಗುವುದು ಪರೀಕ್ಷೆಗೆ ಬೇರೆಯಾಗಿ ನೋಂದಾಯಿಸಿ, ಶುಲ್ಕ ತುಂಬಿ, ಮೇಲ್ವಿಚಾರಣೆಯಲ್ಲಿ ಬರೆದು ಪಾಸಾದವರಿಗೆ. ಎಲ್ಲ ವಿಡಿಯೊ ನೋಡಿ, ಪ್ರತಿ ವಾರದ ಅಸೈನ್‌ಮೆಂಟ್ ಮುಗಿಸಿ, ಪರೀಕ್ಷೆಯ ನೋಂದಣಿಯ ದಿನಾಂಕ ಮರೆತವರು ನನಗೆ ಸಿಕ್ಕಷ್ಟು ಮತ್ತಾರಿಗೂ ಸಿಕ್ಕಿರಲಾರರು. ಸ್ವಯಂನಲ್ಲಿ ಐಐಟಿಗಳ ಪಾಠಗಳನ್ನು ಕೊಡುವ ಎನ್‌ಪಿಟಿಇಎಲ್‌ನ 12 ವಾರಗಳ ಕೋರ್ಸಿಗೆ ಸಾಮಾನ್ಯವಾಗಿ 3 ಕ್ರೆಡಿಟ್. ಮೂರು ತಿಂಗಳ ದುಡಿಮೆ ಒಂದು ದಿನಾಂಕಕ್ಕೆ ಹೋಗಬಾರದು.

ಹಳೆಯ ಓದಿನ ವಿಷಯ ಇನ್ನೂ ಕಠಿಣ. ಎಬಿಸಿಯಲ್ಲಿ ವರ್ಗಾವಣೆಗೆ ಬರುವುದು 2021-22ರ ಶೈಕ್ಷಣಿಕ ವರ್ಷದಿಂದೀಚೆಗೆ ಗಳಿಸಿದ ಕ್ರೆಡಿಟ್. ಹದಿನೈದು ವರ್ಷದ ಹಿಂದೆ ಎರಡು ವರ್ಷ ಪಾಸಾಗಿ ಬಿಟ್ಟವರ ಅಂಕಪಟ್ಟಿಯಲ್ಲಿ ಇರುವುದು ಅಂಕ, ಆ ಖಾತೆಗೆ ಅದು ಹೋಗುವುದಿಲ್ಲ. ಹಾಗೆಂದು ಅದು ವ್ಯರ್ಥವೂ ಅಲ್ಲ. ಮೊದಲು ಅದೇ ವಿಶ್ವವಿದ್ಯಾಲಯದ ಪರೀಕ್ಷಾ ವಿಭಾಗದಲ್ಲಿ, ಹಳೆಯ ಪಠ್ಯಕ್ರಮದ ಬಾಕಿ ವಿಷಯಗಳಿಗೆ ಇನ್ನೂ ಅವಕಾಶವಿದೆಯೇ, ವಿಶೇಷ ಅವಕಾಶದ ಅಧಿಸೂಚನೆ ಬರುವ ಸಂಭವವಿದೆಯೇ ಎಂದು ವಿಚಾರಿಸಬೇಕು. ಹೊಸದಾಗಿ ಮೂರು ವರ್ಷ ಓದುವ ಬದಲು ನಾಲ್ಕು ಬಾಕಿ ಪತ್ರಿಕೆ ಬರೆದು ಮುಗಿಸುವುದಕ್ಕಿಂತ ಶೀಘ್ರದ ದಾರಿ ಬೇರೊಂದಿಲ್ಲ, ಆದರೆ ಕ್ರೆಡಿಟ್ ವರ್ಗಾವಣೆಯ ಗುಂಗಿನಲ್ಲಿ ಇದನ್ನು ಯಾರೂ ಕೇಳುವುದೇ ಇಲ್ಲ. ಹಾವೇರಿಗೆ ಪ್ರತ್ಯೇಕ ವಿಶ್ವವಿದ್ಯಾಲಯ ಬಂದ ಮೇಲೂ, ಅಂಕಪಟ್ಟಿಯ ಮೇಲೆ ಕರ್ನಾಟಕ ವಿಶ್ವವಿದ್ಯಾಲಯದ ಹೆಸರಿರುವವರು ಮೊದಲು ವಿಚಾರಿಸಬೇಕಾದ್ದು ಧಾರವಾಡದಲ್ಲಿಯೇ.

ಅಮೆರಿಕದಲ್ಲಿರುವ ಅಳಿಯನೋ ತಂಗಿಯ ಮಗನೋ ಹೇಳಿದ ಮಾತು ಹಿಡಿದು ಬರುವವರೂ ಇದ್ದಾರೆ. ಅಲ್ಲಿ ಕಮ್ಯುನಿಟಿ ಕಾಲೇಜಿನಲ್ಲಿ ಸುಮಾರು 60 ಕ್ರೆಡಿಟ್ ಮುಗಿಸಿ ವಿಶ್ವವಿದ್ಯಾಲಯಕ್ಕೆ ಹೋಗುವುದು ರೂಢಿಯ ಮಾತೇ. ಕಾಲೇಜ್ ಬೋರ್ಡ್ ನಡೆಸುವ ಕ್ಲೆಪ್ ಪರೀಕ್ಷೆ ಬರೆದು, ತರಗತಿಗೆ ಕೂರದೆಯೇ ಕ್ರೆಡಿಟ್ ಪಡೆಯುವುದೂ ಉಂಟು. ದುಡಿಯುವ ವಯಸ್ಕರು ಇದರಿಂದ ನಿಜವಾಗಿಯೂ ವರ್ಷಗಳನ್ನು ಉಳಿಸುತ್ತಾರೆ. ಆದರೆ ಅಲ್ಲಿಯೂ ಕ್ಲೆಪ್‌ನಲ್ಲಿ 50 ಅಂಕಕ್ಕೆ ಕ್ರೆಡಿಟ್ ಕೊಡಬಹುದೆಂಬುದು ಶಿಫಾರಸು ಮಾತ್ರ. ಕೊಡುವುದು ಬಿಡುವುದು ಆಯಾ ವಿಶ್ವವಿದ್ಯಾಲಯದ ನಿರ್ಧಾರ. ಅಷ್ಟು ಹಳೆಯ ವ್ಯವಸ್ಥೆಯಲ್ಲೇ ಒಪ್ಪಿಗೆ ಬೇಕೆಂದಾದರೆ, ಈಗಷ್ಟೇ ಕಣ್ಣು ಬಿಡುತ್ತಿರುವ ನಮ್ಮಲ್ಲಿ ಬೇಡವೇ?

ಹಾಗಾದರೆ ಕಾನೂನುಬದ್ಧವಾಗಿ ಎಷ್ಟು ಕಾಲ ಉಳಿಸಬಹುದು? ಡಿಪ್ಲೊಮಾ ಮುಗಿಸಿದವರು ಅವರಿಗಾಗಿಯೇ ಇರುವ ಪ್ರವೇಶ ಪರೀಕ್ಷೆ ಡಿಸಿಇಟಿ ಬರೆದು ಬಿ.ಇ. ಎರಡನೆಯ ವರ್ಷಕ್ಕೆ ನೇರವಾಗಿ ಸೇರಬಹುದು. ಇದು ಇಡೀ ಒಂದು ವರ್ಷದ ಉಳಿತಾಯ, ನಮ್ಮ ಭಾಗದ ಕೈಗಾರಿಕೆಗಳಲ್ಲಿರುವವರಿಗೆ ಎಲ್ಲಕ್ಕಿಂತ ಖಚಿತವಾದದ್ದು. ಯುಜಿಸಿ 2025ರಲ್ಲಿ ತಂದ ನಿಯಮಗಳಲ್ಲಿ ತ್ವರಿತ ಪದವಿಗೆ ಅವಕಾಶವಿದೆ: ಹೆಚ್ಚು ಕ್ರೆಡಿಟ್ ತೆಗೆದುಕೊಂಡು ಮೂರು ವರ್ಷದ ಪದವಿಯನ್ನು ಒಂದು ಸೆಮಿಸ್ಟರ್ ಮೊದಲೇ ಮುಗಿಸಬಹುದು. ಆದರೆ ವಿಶ್ವವಿದ್ಯಾಲಯ ಅದನ್ನು ಅಳವಡಿಸಿಕೊಂಡಿರಬೇಕು, ಸಮಿತಿ ನಿಮ್ಮ ಸಾಮರ್ಥ್ಯ ನೋಡಿ ಒಪ್ಪಬೇಕು, ಪೂರ್ಣಾವಧಿ ನೌಕರಿಯ ಜೊತೆಗೆ ಆ ಹೊರೆ ಹೊರಲು ಎಲ್ಲರಿಗೂ ಆಗುವುದಿಲ್ಲ. ಉಳಿದವರಿಗೆ ನಾನು ಹೇಳುವುದು ಸಾಮಾನ್ಯವಾಗಿ ಮುಕ್ತ ವಿಶ್ವವಿದ್ಯಾಲಯ. ಇಗ್ನೋದಲ್ಲಿ ಜನವರಿ, ಜುಲೈ ಎರಡೂ ಸಲ ಪ್ರವೇಶವಿರುವುದರಿಂದ ಅಲ್ಲಿ ಕಾಯುವ ಕಾಲವಾದರೂ ಉಳಿಯುತ್ತದೆ.

"ಒನ್ ಸಿಟ್ಟಿಂಗ್" ಎಂದು ಫಲಕ ಹಾಕಿ, ಮೂರು ವರ್ಷದ ಅಂಕಪಟ್ಟಿಗಳನ್ನು ಒಂದೇ ವರ್ಷದಲ್ಲಿ ಹಿಂದಿನ ದಿನಾಂಕ ಹಾಕಿಸಿ ಕೊಡುವವರ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಅದು ಕ್ರೆಡಿಟ್ ವರ್ಗಾವಣೆಯಲ್ಲ, ಸುಳ್ಳು ದಾಖಲೆ. ಆದರೆ ನಿಜವಾದ ಸಂಸ್ಥೆಯ ನಿಜವಾದ ಪದವಿಯೂ ಮಾನ್ಯತೆ ಇಲ್ಲದ ವಿಧಾನದಲ್ಲಿ ಪಡೆದದ್ದಾದರೆ ಉಳಿಯಲಾರದು. ಕೆಲವು ಡೀಮ್ಡ್ ವಿಶ್ವವಿದ್ಯಾಲಯಗಳು ದೂರಶಿಕ್ಷಣದಲ್ಲಿ ಕೊಟ್ಟಿದ್ದ ಎಂಜಿನಿಯರಿಂಗ್ ಪದವಿಗಳ ಮೇಲೆ 2017ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿನಿಂದ, ಬಡ್ತಿ ಪಡೆದು ವರ್ಷಗಳಾಗಿದ್ದವರೂ ಇಕ್ಕಟ್ಟಿಗೆ ಸಿಕ್ಕರು. ಎಂಜಿನಿಯರಿಂಗ್ ಪದವಿಯನ್ನು ದೂರಶಿಕ್ಷಣದಲ್ಲಿ ಪಡೆಯಲು ಇಂದಿಗೂ ಬರುವುದಿಲ್ಲ. ಮಾನ್ಯತೆಯನ್ನು ಸಂಸ್ಥೆಯ ಹೆಸರಿನಿಂದ ನೋಡದೆ, ನೀವು ಸೇರುವ ವರ್ಷ ಮತ್ತು ಕೋರ್ಸಿನ ಲೆಕ್ಕದಲ್ಲಿ ಯುಜಿಸಿಯ ದೂರಶಿಕ್ಷಣ ಬ್ಯೂರೊದ ಪಟ್ಟಿಯಲ್ಲಿ ನೋಡಬೇಕು. ನಮ್ಮದೇ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯಕ್ಕೂ 2012-13ರ ನಂತರ ಕೆಲವು ವರ್ಷ ಮಾನ್ಯತೆ ಇಲ್ಲದೆ, 2018-19ರಿಂದ ಮತ್ತೆ ದೊರೆತದ್ದು ಅನೇಕರಿಗೆ ನೆನಪಿರಬಹುದು.

ಇನ್ನು ಕಾಗದಪತ್ರ. ನಮ್ಮ ಕಡೆ ಆಧಾರ್ ಕಾರ್ಡಿನಲ್ಲಿ ಹೆಸರು, ತಂದೆಯ ಹೆಸರು, ಅಡ್ಡಹೆಸರು ಮೂರೂ ಇರುತ್ತವೆ. ಅಂಕಪಟ್ಟಿಯಲ್ಲಿ ಹೆಸರಿನ ಹಿಂದೆಯೋ ಮುಂದೆಯೋ ಒಂದು ಇನಿಷಿಯಲ್. ಖಾತೆಗೂ ದಾಖಲೆಗೂ ಹೊಂದಿಕೆಯಾಗದೆ ಜಮಾ ನಿಂತುಹೋಗಲು ಇದು ದೊಡ್ಡ ಕಾರಣ, ಪ್ರವೇಶಕ್ಕೆ ಮೊದಲೇ ಸರಿಪಡಿಸಿಕೊಳ್ಳಿ. ಮೂಲ ಅಂಕಪಟ್ಟಿಗಳನ್ನು ದಯವಿಟ್ಟು ಲ್ಯಾಮಿನೇಟ್ ಮಾಡಿಸಬೇಡಿ. ಹಿಂಬದಿಯಲ್ಲಿ ಮುದ್ರೆ ಒತ್ತಬೇಕಾದಾಗ ಪ್ಲಾಸ್ಟಿಕ್ ಕೀಳಲು ಹೋಗಿ ಹಾಳೆಯೇ ಕಿತ್ತುಬಂದದ್ದನ್ನು ನೋಡಿದ್ದೇನೆ. ಓದಿದ ವರ್ಷದ ಪಠ್ಯಕ್ರಮದ ದೃಢೀಕೃತ ಪ್ರತಿಯನ್ನು ಕಾಲೇಜಿನಿಂದ ಪಡೆದಿಟ್ಟುಕೊಳ್ಳಿ, ಸಮಾನತೆ ನೋಡುವವರು ಮೊದಲು ಕೇಳುವುದು ಅದನ್ನೇ. ಸರ್ಕಾರಿ ನೌಕರರು ಇಲಾಖೆಯ ಅನುಮತಿ ಪತ್ರವನ್ನು ಪ್ರವೇಶಕ್ಕೆ ಮುಂಚೆಯೇ ಪಡೆಯಬೇಕು. ಅದರ ಮೇಲಿನ ದಿನಾಂಕ ಪ್ರವೇಶ ಶುಲ್ಕದ ರಸೀದಿಯ ದಿನಾಂಕಕ್ಕಿಂತ ಹಿಂದಿನದಾಗಿರಲಿ.