ಫೋನ್ ಡೆಡ್ ಅಂತಾರಲ್ಲ, ಒಳಗೆ ಸತ್ತಿರೋದು ಯಾವುದು?

ಫೋನ್ ಆನ್ ಆಗ್ತಿಲ್ಲ ಅನ್ನೋದು ಜ್ವರ ಬಂದಿದೆ ಅಂದಂಗೆ, ಲಕ್ಷಣ ಗೊತ್ತಾಯ್ತೇ ಹೊರತು ಕಾಯಿಲೆ ಗೊತ್ತಾಗಲಿಲ್ಲ. ಬ್ಯಾಟರಿ ಸವೆದಿರಬಹುದು, ಚಾರ್ಜಿಂಗ್ ಪೋರ್ಟಲ್ಲಿ ಕಸ ತುಂಬಿರಬಹುದು, ಡಿಸ್‌ಪ್ಲೇ ಮಾತ್ರ ಹೋಗಿ ಒಳಗೆ ಫೋನು ಆರಾಮಾಗಿ ಓಡ್ತಿರಬಹುದು (ಕಾಲ್ ಮಾಡಿ ನೋಡಿ, ರಿಂಗ್ ಆಗತ್ತೆ, ಸ್ಕ್ರೀನ್ ಮಾತ್ರ ಕಪ್ಪು), ಇಲ್ಲಾಂದ್ರೆ ಮದರ್‌ಬೋರ್ಡಲ್ಲಿ ಒಂದು ಮಿಲಿಮೀಟರೂ ಉದ್ದ ಇಲ್ಲದ ಒಂದು ಕೆಪಾಸಿಟರ್ (ಚೂರು ಚಾರ್ಜ್ ಹಿಡಿದಿಟ್ಟು ವೋಲ್ಟೇಜ್ ಏರುಪೇರಾಗದಂಗೆ ನೋಡ್ಕೊಳ್ಳೋ ಪಾರ್ಟು) ಸೀಳಿರಬಹುದು. ಹೊರಗಿಂದ ನೋಡೋರಿಗೆ ಎಲ್ಲಾ ಒಂದೇ ಥರ. ಅದಕ್ಕೇ ರಿಪೇರಿ ಮಾಡೋರ ಟೈಮೆಲ್ಲ ಹೋಗೋದು ಹುಡುಕೋದರಲ್ಲಿ, ಎಲ್ಲಿ ಹೋಗಿದೆ ಅಂತ ಸಿಕ್ಕಿದ್ಮೇಲೆ ಉಳಿದ ಕೆಲಸ ಎಷ್ಟೋ ಸಲ ಚಿಕ್ಕದು.

ಬ್ಯಾಟರಿಯಿಂದ ಶುರು ಮಾಡೋಣ, ಯಾಕಂದ್ರೆ ಫೋನನ್ನ ಬಳಸಿದ್ರೂ ಸವೆಯತ್ತೆ, ಬೀರುವಿನಲ್ಲಿಟ್ರೂ ಸವೆಯತ್ತೆ. ಲಿಥಿಯಂ ಅಯಾನ್ ಬ್ಯಾಟರಿನ ಸೋನಿ ಕಂಪನಿ 1991ರಲ್ಲಿ ಮಾರ್ಕೆಟ್ಟಿಗೆ ತಂತು, ಅದರ ಹಿಂದಿದ್ದ ಮೂವರು ವಿಜ್ಞಾನಿಗಳಿಗೆ 2019ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂತು. ಒಳಗಡೆ ಲಿಥಿಯಂ ಅಯಾನುಗಳು ಒಂದು ಕಡೆ ಗ್ರಾಫೈಟು, ಇನ್ನೊಂದು ಕಡೆ ಲೋಹದ ಆಕ್ಸೈಡು, ಇವೆರಡರ ಮಧ್ಯ ಓಡಾಡ್ತಾ ಇರ್ತವೆ. ಮೊದಲ ಸಲ ಚಾರ್ಜ್ ಮಾಡಿದಾಗ್ಲೇ ಗ್ರಾಫೈಟ್ ಮೇಲೆ ಒಂದು ತೆಳು ಪದರ ಕಟ್ಕೊಳತ್ತೆ, ಅದು ಬೇಕೇ ಬೇಕು, ಆದ್ರೆ ವರ್ಷಗಟ್ಟಲೆ ಅದು ಅಷ್ಟಷ್ಟೇ ದಪ್ಪ ಆಗ್ತಾ ಲಿಥಿಯಮ್ಮನ್ನ ತಿಂದ್ಕೊಂಡು ಹೋಗತ್ತೆ. ಇದರಿಂದ ಎರಡು ತೊಂದ್ರೆ. ಚಾರ್ಜ್ ಹಿಡಿಯೋ ಸಾಮರ್ಥ್ಯ ಕಮ್ಮಿ ಆಗೋದು ಎಲ್ಲರಿಗೂ ಗೊತ್ತು, ಎರಡನೇದು ಬ್ಯಾಟರಿಯ ಒಳಗಿನ ರೆಸಿಸ್ಟೆನ್ಸ್ ಜಾಸ್ತಿ ಆಗೋದು, ನಿಜವಾಗ್ಲೂ ತಲೆ ತಿನ್ನೋದು ಇದೇ.

ಹೇಗೆ ಅಂದ್ರೆ, 30 ಪರ್ಸೆಂಟ್ ಅಂತ ತೋರಿಸ್ತಿರತ್ತೆ, ಕ್ಯಾಮೆರಾ ತೆಗೆದು ಫ್ಲ್ಯಾಶ್ ಹೊಡೀತೀರ, ಟಪ್ ಅಂತ ಆಫ್. ಲೆಕ್ಕ ಸ್ಕೂಲಲ್ಲಿ ಓದಿದ ಓಮ್ ನಿಯಮದ್ದೇ. ಬ್ಯಾಟರಿ 3.6 ವೋಲ್ಟಲ್ಲಿದೆ ಅಂದ್ಕೊಳ್ಳಿ, ಫೋನು ಒಂದೇಟಿಗೆ 2 ಆಂಪಿಯರ್ ಎಳೀತು, ಹಳೇ ಬ್ಯಾಟರಿಯ ರೆಸಿಸ್ಟೆನ್ಸ್ 0.2 ಓಮ್ ಇದ್ರೆ 0.4 ವೋಲ್ಟ್ ಒಳಗೇ ಹೋಯ್ತು, ಫೋನಿಗೆ ಸಿಕ್ಕಿದ್ದು 3.2. ಇಷ್ಟರಲ್ಲಿ ನಡೆಯಲ್ಲ ಅಂತ ಪವರ್ ಐಸಿ (ಫೋನಿನ ಭಾಗಗಳಿಗೆಲ್ಲ ಕರೆಂಟ್ ಹಂಚೋ ಚಿಪ್ಪು) ಎಲ್ಲಾ ಬಂದ್ ಮಾಡತ್ತೆ. ಚಳಿಯಲ್ಲಿ ರೆಸಿಸ್ಟೆನ್ಸ್ ಇನ್ನೂ ಏರತ್ತೆ, ಅದಕ್ಕೇ ತಣ್ಣಗಿರೋ ಜಾಗದಲ್ಲಿ ಹಳೇ ಫೋನ್ ಬೇಗ ಕೈ ಕೊಡೋದು. 2017ರಲ್ಲಿ ಆಪಲ್ ಹಳೇ ಐಫೋನುಗಳನ್ನ ನಿಧಾನ ಮಾಡ್ತಿದೀವಿ ಅಂತ ಒಪ್ಕೊಂಡು ದೊಡ್ಡ ಗಲಾಟೆ ಆಯ್ತಲ್ಲ, ಅದರ ಬುಡ ಇಲ್ಲೇ ಇರೋದು, ಪ್ರೊಸೆಸರ್ ಒಂದೇ ಸಲ ಜಾಸ್ತಿ ಕರೆಂಟ್ ಎಳೀದೇ ಇರ್ಲಿ ಅಂತ ಸಾಫ್ಟ್‌ವೇರಲ್ಲಿ ಲಗಾಮು ಹಾಕಿದ್ರು. ತಾಂತ್ರಿಕವಾಗಿ ತಪ್ಪೇನಲ್ಲ ಅಂತ ನಂಗನ್ಸತ್ತೆ, ಹೇಳ್ದೆ ಮಾಡಿದ್ದೇ ತಪ್ಪು.

ಉಬ್ಬಿರೋ ಬ್ಯಾಟರಿ ಮಾತ್ರ ಬೇರೆ ವಿಷಯ. ಒಳಗಿನ ಎಲೆಕ್ಟ್ರೋಲೈಟ್ ಒಡೆದು ಗ್ಯಾಸ್ ಆಗತ್ತೆ, ಹೊರಗಿನ ಪೌಚ್ ಉಬ್ಬತ್ತೆ, ಹಿಂದಿನ ಕವರೋ ಸ್ಕ್ರೀನೋ ಮೇಲೇಳತ್ತೆ. ಹಾಗಾಗಿದ್ರೆ ಒತ್ತಬೇಡಿ, ಚಾರ್ಜಿಗೆ ಹಾಕ್ಬೇಡಿ, ಚುಚ್ಚೋದಂತೂ ದೂರದ ಮಾತು. ಎರಡು ಎಲೆಕ್ಟ್ರೋಡುಗಳನ್ನ ಬೇರೆ ಇಡೋ ಪ್ಲಾಸ್ಟಿಕ್ ಹಾಳೆ ಕೂದಲೆಳೆಗಿಂತ ತೆಳು, ಸ್ಕ್ರೂಡ್ರೈವರ್ ಹಾಕಿ ಮೀಟಿದ್ರೆ ಅದು ಹರಿದು ಒಳಗೇ ಶಾರ್ಟ್ ಆಗಿ ಬೆಂಕಿ ಹತ್ಕೊಳತ್ತೆ. 2016ರಲ್ಲಿ ಸ್ಯಾಮ್‌ಸಂಗ್ ಗ್ಯಾಲಕ್ಸಿ ನೋಟ್ 7 ಫೋನುಗಳನ್ನೆಲ್ಲ ವಾಪಸ್ ತರಿಸ್ಕೊಂಡಿದ್ದೂ ಬ್ಯಾಟರಿಯೊಳಗಿನ ಇಂಥದ್ದೇ ಶಾರ್ಟಿಂದ, ಅಲ್ಲಿ ಯಾರೂ ಮೀಟಿರಲಿಲ್ಲ, ತಯಾರಿಯಲ್ಲೇ ದೋಷ ಇತ್ತು. ಗೊತ್ತಿರೋರು ಬ್ಯಾಟರಿನ ಹಿಡಿದಿರೋ ಅಂಟಿನ ಕೆಳಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಬಿಟ್ಟು, ಅದು ಮೆತ್ತಗಾದ್ಮೇಲೆ ಪ್ಲಾಸ್ಟಿಕ್ ಕಾರ್ಡ್ ತೂರಿಸಿ ನಿಧಾನಕ್ಕೆ ಎಬ್ಬಿಸ್ತಾರೆ.

ಚಾರ್ಜ್ ಆಗ್ತಿಲ್ಲ ಅಂದ್ರೆ ಬ್ಯಾಟರಿನ ಬಯ್ಯೋಕೆ ಮುಂಚೆ ಪೋರ್ಟಿಗೆ ಟಾರ್ಚ್ ಬಿಟ್ಟು ನೋಡಿ. ಜೇಬಿನ ನೂಲಿನ ಕಸ ತಳದಲ್ಲಿ ಗಟ್ಟಿಯಾಗಿ ಕೂತಿರತ್ತೆ, ಪ್ಲಗ್ಗು ಪೂರ್ತಿ ಒಳಗೆ ಹೋಗಲ್ಲ. ಫೋನ್ ಆಫ್ ಮಾಡಿ ಮರದ ಟೂತ್‌ಪಿಕ್ಕಲ್ಲಿ ಮೆಲ್ಲಗೆ ಕೆರೆದು ತೆಗೆದ್ರೆ ಆಯ್ತು, ಸೂಜಿ ಬೇಡ. ಟೈಪ್-ಸಿ ಪೋರ್ಟಲ್ಲಿ ಎರಡು ಸಾಲಲ್ಲಿ 24 ಪಿನ್ ಇರ್ತವೆ, ಎರಡೂ ಸಾಲಲ್ಲಿ ಒಂದೊಂದು ಪಿನ್ ಇರೋದು ಚಾರ್ಜರ್ ಜೊತೆ ಮಾತಾಡೋಕೆ ಅಂತಲೇ. ಪ್ಲಗ್ಗನ್ನ ಒಂದು ಕಡೆ ತಿರುಗಿಸಿ ಹಾಕಿದ್ರೆ ಚಾರ್ಜ್ ಆಗತ್ತೆ, ಉಲ್ಟಾ ಹಾಕಿದ್ರೆ ಆಗಲ್ಲ ಅಂದ್ರೆ ಒಂದು ಸಾಲಿನ ಮೇಲೆ ಅನುಮಾನ ಪಡಬಹುದು, ತುಕ್ಕೋ ಬಗ್ಗಿರೋ ಪಿನ್ನೋ. ಬಹಳಷ್ಟು ಫೋನಲ್ಲಿ ಪೋರ್ಟು ಬೇರೆಯದೇ ಚಿಕ್ಕ ಚಾರ್ಜಿಂಗ್ ಬೋರ್ಡ್ ಮೇಲಿರತ್ತೆ, ಅದನ್ನ ಬಿಚ್ಚಿ ಹೊಸದು ಹಾಕಿದ್ರೆ ಮುಗೀತು.

ನೀರಿಗೆ ಬಿದ್ದ ಫೋನಿಗೆ ಅಕ್ಕಿ ಡಬ್ಬಿ ವೈದ್ಯ ಎಲ್ಲಾ ಕಡೆ ಇದೆ, ಕೆಲಸ ಮಾತ್ರ ಆಗಲ್ಲ. ಬೋರ್ಡ್ ಮೇಲಿನ ಲೋಹದ ಶೀಲ್ಡ್ ಕೆಳಗೆ, ಐಸಿಗಳ ಅಡಿಯಲ್ಲಿ ಸೇರ್ಕೊಂಡಿರೋ ನೀರನ್ನ ಹೊರಗಿರೋ ಅಕ್ಕಿ ಹೇಗೆ ಎಳೆಯತ್ತೆ ಹೇಳಿ, ಮೇಲಿಂದ ಅಕ್ಕಿ ಪುಡಿ ಪೋರ್ಟೊಳಗೆ ಹೋಗತ್ತೆ, ಆಪಲ್ ಕೂಡ ತನ್ನ ಸಪೋರ್ಟ್ ಪೇಜಲ್ಲಿ ಅಕ್ಕಿಯಲ್ಲಿ ಇಡಬೇಡಿ ಅಂತ ಹೇಳತ್ತೆ. ನೀರೊಂದೇ ಅಷ್ಟು ಅಪಾಯ ಅಲ್ಲ, ಅದರಲ್ಲಿ ಕರಗಿರೋ ಉಪ್ಪಿನಂಶ ಮತ್ತೆ ಬ್ಯಾಟರಿಯ ವೋಲ್ಟೇಜ್ ಸೇರಿದಾಗ ಎಲೆಕ್ಟ್ರೋಲಿಸಿಸ್ ಶುರು. ಬೋರ್ಡಿನ ತಾಮ್ರ ಕರಗಿ ಪಕ್ಕದ ಲೈನಿನ ಕಡೆ ಹೋಗತ್ತೆ, ಹಸಿರು ಕಿಲುಬು ಕಟ್ಟತ್ತೆ. ಅದಕ್ಕೇ ಬಿದ್ದ ದಿನ ಚೆನ್ನಾಗಿದ್ದ ಫೋನು ವಾರ ಬಿಟ್ಟು ಹೋಗೋದು. ಆಫ್ ಮಾಡಿ, ಚಾರ್ಜಿಗೆ ಹಾಕದೆ, ಹೇರ್ ಡ್ರೈಯರ್ ಬಿಡದೆ ಬೇಗ ಬಿಚ್ಚಿಸೋದೊಂದೇ ದಾರಿ. ಬ್ಯಾಟರಿ ಕನೆಕ್ಟರ್ ತೆಗೆದು, ಶೀಲ್ಡ್ ಎತ್ತಿ, ಬೋರ್ಡನ್ನ ಐಸೊಪ್ರೊಪೈಲ್ ಆಲ್ಕೋಹಾಲಲ್ಲಿ ಬ್ರಶ್ ಹಾಕಿ ತೊಳೀತಾರೆ, ಇಲ್ಲಾ ಅಲ್ಟ್ರಾಸಾನಿಕ್ ಕ್ಲೀನರಲ್ಲಿ ಇಡ್ತಾರೆ. ಐಪಿ68 (ನೀರು, ಧೂಳು ತಡೆಯತ್ತೆ ಅನ್ನೋ ರೇಟಿಂಗ್) ಇದೆ ಅಂತ ಧೈರ್ಯ ಬೇಡ, ಅದು ಹೊಸ ಫೋನಿಗೆ ಸಿಹಿನೀರಲ್ಲಿ ಮಾಡಿರೋ ಟೆಸ್ಟು, ಅಂಟು ಹಳೇದಾಗತ್ತೆ, ಒಂದ್ಸಲ ಬಿಚ್ಚಿದ್ಮೇಲಂತೂ ಹೊಸ ಸೀಲ್ ಹಾಕ್ದೇ ಇದ್ರೆ ಲೆಕ್ಕಕ್ಕಿಲ್ಲ.

ಈಗ ಮದರ್‌ಬೋರ್ಡು, ನನಗೆ ಇದೇ ಎಲ್ಲಕ್ಕಿಂತ ಇಷ್ಟದ ಭಾಗ. ಪೂರ್ತಿ ಡೆಡ್ ಆಗಿರೋ ಫೋನಿನ ಬ್ಯಾಟರಿ ತೆಗೆದು ಅದರ ಜಾಗಕ್ಕೆ ಡಿಸಿ ಪವರ್ ಸಪ್ಲೈ ಕೊಡ್ತಾರೆ, ಸುಮಾರು 4 ವೋಲ್ಟು. ಪವರ್ ಬಟನ್ ಒತ್ತೋಕೆ ಮುಂಚೆ ಮೀಟರಲ್ಲಿ ಕರೆಂಟ್ ಹೆಚ್ಚುಕಮ್ಮಿ ಸೊನ್ನೆ ಇರಬೇಕು. ಕನೆಕ್ಟ್ ಮಾಡಿದ ತಕ್ಷಣ 1 ಆಂಪಿಯರ್‌ಗೂ ಮೇಲೆ ಹೋಯ್ತಾ, ಹಾಗಿದ್ರೆ ಬ್ಯಾಟರಿಯಿಂದ ಬರೋ ಮೇನ್ ಲೈನೇ ಶಾರ್ಟ್. ಸೊನ್ನೆ ಇದ್ದು, ಬಟನ್ ಒತ್ತಿದ್ಮೇಲೆ ಸ್ವಲ್ಪ ಏರಿ ಅಲ್ಲೇ ನಿಂತ್ರೆ ಪವರ್ ಐಸಿ ಎದ್ದಿದೆ, ಮುಂದಿನದು ಯಾವುದೋ ಏಳ್ತಿಲ್ಲ. ಅನುಭವ ಇರೋರು ಈ ಸಂಖ್ಯೆ ಕುಣಿಯೋದನ್ನ ನೋಡಿನೇ ಫೋನ್ ಶುರುವಾಗೋ ಕೆಲಸ (ಬೂಟ್) ಎಲ್ಲಿ ನಿಂತಿದೆ ಅಂತ ಅಂದಾಜು ಹಾಕ್ತಾರೆ.

ಶಾರ್ಟ್ ಇದೆ ಅಂತಾಯ್ತು, ಎಲ್ಲಿ? ಬೋರ್ಡಲ್ಲಿ ಪವರ್ ಲೈನಿಗೂ ಗ್ರೌಂಡಿಗೂ (ಬ್ಯಾಟರಿಯ ಮೈನಸ್ ಕಡೆ) ಮಧ್ಯ ನೂರಾರು ಸೆರಾಮಿಕ್ ಕೆಪಾಸಿಟರ್ ಕೂತಿವೆ, ಕೆಲವು ಬರೀ 0.6 ಮಿಲಿಮೀಟರ್ ಉದ್ದ 0.3 ಮಿಲಿಮೀಟರ್ ಅಗಲ. ಬಿದ್ದಾಗ ಒಂದು ಸೀಳಿ ಒಳಗಿನ ಪದರಗಳು ತಾಗಿದ್ರೆ ಇಡೀ ಲೈನ್ ಗ್ರೌಂಡಿಗೆ ಬಿತ್ತು. ಕಣ್ಣಿಗೆ ಕಾಣಲ್ಲ. ಉಪಾಯ ಏನಂದ್ರೆ ಆ ಲೈನಿಗೆ ಹೊರಗಿಂದ 1 ವೋಲ್ಟಿನಷ್ಟು ಕೊಡ್ತಾರೆ, ಬೇರೆ ಐಸಿಗೆ ಏಟಾಗದಿರ್ಲಿ ಅಂತ ಇಷ್ಟು ಕಮ್ಮಿ, ಕರೆಂಟೆಲ್ಲ ಕೆಟ್ಟಿರೋ ಪಾರ್ಟಿನ ಮೂಲಕವೇ ಹರಿದು ಅದು ಬಿಸಿ ಆಗತ್ತೆ, ಥರ್ಮಲ್ ಕ್ಯಾಮೆರಾದಲ್ಲಿ ಚುಕ್ಕೆ ಥರ ಹೊಳೀತು ಅಂದ್ರೆ ಸಿಕ್ತು. ಕ್ಯಾಮೆರಾ ಇಲ್ದೋರು ಬೋರ್ಡ್ ಮೇಲೆ ರೋಸಿನ್ (ಮರದ ರಾಳ) ಹೊಗೆ ಕೂರಿಸ್ತಾರೆ, ಬೆಳ್ಳಗೆ ಪುಡಿ ಹಿಡಿದಿರತ್ತೆ, ಬಿಸಿಯಾದ ಕಡೆ ಅದು ಕರಗಿ ಕಪ್ಪಗೆ ಕಾಣತ್ತೆ. ಆಮೇಲೆ ಆ ಕೆಪಾಸಿಟರ್ ಕಿತ್ರೆ ಎಷ್ಟೋ ಸಲ ಫೋನ್ ಆನ್ ಆಗೇಬಿಡತ್ತೆ, ಹೊಸದು ಹಾಕೋಕೂ ಮುಂಚೆ, ಯಾಕಂದ್ರೆ ಅದೇ ಲೈನಲ್ಲಿ ಅದರ ಅಣ್ತಮ್ಮಂದಿರು ಇನ್ನೂ ಇರ್ತಾರೆ.

ಇನ್ನೊಂದು ದೊಡ್ಡ ತಲೆನೋವು ಸೋಲ್ಡರ್, ಅಂದ್ರೆ ಪಾರ್ಟುಗಳನ್ನ ಬೋರ್ಡಿಗೆ ಕೂಡಿಸೋ ಲೋಹದ ಬೆಸುಗೆ. ದೊಡ್ಡ ಐಸಿಗಳಿಗೆ ಕಾಲಿರಲ್ಲ, ಅಡಿಯಲ್ಲಿ ಪುಟ್ಟ ಪುಟ್ಟ ಸೋಲ್ಡರ್ ಬಾಲುಗಳು. 2006ರಿಂದ ಯುರೋಪಿನ ನಿಯಮ ಎಲೆಕ್ಟ್ರಾನಿಕ್ಸಲ್ಲಿ ಸೀಸಕ್ಕೆ ಕಡಿವಾಣ ಹಾಕ್ತು, ಈಗಿರೋದು ತವರ, ಜೊತೆಗೆ ಚೂರು ಬೆಳ್ಳಿ, ತಾಮ್ರ. ಹಳೇ ಸೀಸದ ಸೋಲ್ಡರ್ 183 ಡಿಗ್ರಿಗೆ ಕರಗ್ತಿತ್ತು, ಇದಕ್ಕೆ 217 ಬೇಕು, ಏಟು ತಡೆಯೋದೂ ಕಮ್ಮಿ. ಬೋರ್ಡ್ ಬಾಗಿದಾಗ ಬಾಲು ಬಿರುಕು ಬಿಡತ್ತೆ: ವೈಫೈ ಆನೇ ಆಗಲ್ಲ, ಅಥವಾ ಒತ್ತಿ ಹಿಡಿದ್ರೆ ಟಚ್ ಬರತ್ತೆ, ಬಿಟ್ರೆ ಹೋಗತ್ತೆ. 2016ರಲ್ಲಿ ಐಫೋನ್ 6 ಪ್ಲಸ್ಸಲ್ಲಿ ಟಚ್ ಹೋಗ್ತಿದ್ದ ಖಾಯಿಲೆ ಬಂದಾಗ ರಿಪೇರಿಯವರು ಟಚ್ ಐಸಿ ಕೆಳಗೆ ಕಂಡ್ಕೊಂಡಿದ್ದು ಇದನ್ನೇ. ಸರಿಯಾದ ಕೆಲಸ ಅಂದ್ರೆ ಫ್ಲಕ್ಸ್ (ಸೋಲ್ಡರ್ ಚೆನ್ನಾಗಿ ಹಿಡಿಯೋಕೆ ಹಚ್ಚೋ ಪೇಸ್ಟು) ಹಾಕಿ ಹಾಟ್ ಏರಲ್ಲಿ ಐಸಿ ಎತ್ತಿ, ಹಳೇ ಸೋಲ್ಡರ್ ಒರೆಸಿ, ಸ್ಟೆನ್ಸಿಲ್ ಇಟ್ಟು ಹೊಸ ಬಾಲ್ ಕೂರಿಸಿ ಮತ್ತೆ ಇಡೋದು, ಅದೇ ರೀಬಾಲ್. ಸುಮ್ನೆ ಮೇಲಿಂದ ಬಿಸಿ ಗಾಳಿ ಊದಿ ಸರಿ ಹೋಯ್ತು ಅಂತ ಕೊಡೋರಿದ್ದಾರೆ, ಅದು ಬಹಳ ದಿನ ಬಾಳೋದು ಕಮ್ಮಿ.

ಡಿಸ್‌ಪ್ಲೇ ಬಗ್ಗೆ ಜಾಸ್ತಿ ಹೇಳೋದಿಲ್ಲ. ಚಿತ್ರ, ಟಚ್ ಎರಡೂ ಸರಿ ಇದ್ದು ಮೇಲಿನ ಗಾಜು ಮಾತ್ರ ಒಡೆದಿದ್ರೆ ಬಿಸಿ ಮಾಡಿ ತೆಳು ತಂತಿ ಹಾಯಿಸಿ ಗಾಜು ಬಿಡಿಸಿ, ಹೊಸ ಗಾಜನ್ನ ಪಾರದರ್ಶಕ ಅಂಟಲ್ಲಿ ವ್ಯಾಕ್ಯೂಮ್ ಮೆಶಿನ್ ಒಳಗೆ ಅಂಟಿಸ್ತಾರೆ, ಗುಳ್ಳೆ ಉಳಿಯಬಾರದಲ್ಲ. ಒಎಲ್‌ಇಡಿ ಪ್ಯಾನೆಲ್ಲಲ್ಲಿ ಹಸಿರು ಗೆರೆ ಬಂತು ಅಂದ್ರೆ ಸಾಮಾನ್ಯವಾಗಿ ಪ್ಯಾನೆಲ್ಲೇ ಬದಲಾಯಿಸಬೇಕು.

ಏನೂ ಮುರಿಯದೆ ಫೋನ್ ಸಾಯೋದೂ ಉಂಟು. 2018ರಲ್ಲಿ ಅಮೆರಿಕದ ಶಿಕಾಗೋ ಹತ್ತಿರ ಒಂದು ಆಸ್ಪತ್ರೆಯಲ್ಲಿ ಎಂಆರ್‌ಐ ಮೆಶಿನ್ ಕೂರಿಸುವಾಗ ಅದನ್ನ ತಣ್ಣಗಿಡೋ ಹೀಲಿಯಂ ಗ್ಯಾಸ್ ಸೋರಿ ಹತ್ತಾರು ಐಫೋನುಗಳು ನಿಂತೋದ್ವು, ಆಂಡ್ರಾಯ್ಡ್ ಫೋನಿಗೆ ಏನೂ ಆಗ್ಲಿಲ್ಲ. ಆ ಐಫೋನುಗಳ ಒಳಗಿನ ಗಡಿಯಾರ ಸಿಲಿಕಾನಲ್ಲಿ ಮಾಡಿದ ಅತಿ ಸಣ್ಣ ಕಂಪಿಸೋ ಭಾಗ, ಅದರ ಸೀಲ್ ಆಗಿರೋ ಖಾಲಿ ಗೂಡಿಗೆ ಹೀಲಿಯಂ ನುಸುಳಿದ್ರೆ ಕಂಪನ ನಿಲ್ಲತ್ತೆ, ಗಡಿಯಾರ ಇಲ್ದೆ ಪ್ರೊಸೆಸರ್ ಒಂದು ಹೆಜ್ಜೆಯೂ ಇಡಲ್ಲ. ಕೆಲವು ದಿನ ಬಿಟ್ಟು ಹೀಲಿಯಂ ಹೊರಗೆ ಹೋದ್ಮೇಲೆ ಬಹುತೇಕ ಫೋನು ತಾವಾಗೇ ಎದ್ವು, ಬಿಚ್ಚಿದ್ರೂ ಏನೂ ಸಿಗ್ತಿರಲಿಲ್ಲ.

ಕೊನೆಗೆ ಬರೋ ಪ್ರಶ್ನೆ ಫೋಟೋಗಳದ್ದು. ಮೆಮೊರಿ ಚಿಪ್ ಕಿತ್ತು ಬೇರೆ ಫೋನಿಗೆ ಹಾಕಿದ್ರೆ ಸಿಗಲ್ವಾ ಅಂತಾರೆ. ಈಗಿನ ಫೋನಲ್ಲಿ ಸಿಗಲ್ಲ, ಡೇಟಾ ಎನ್‌ಕ್ರಿಪ್ಟ್ ಆಗಿರತ್ತೆ, ಅದನ್ನ ಬಿಡಿಸೋ ಕೀ ಅದೇ ಬೋರ್ಡಿನ ಪ್ರೊಸೆಸರ್ ಬಿಟ್ಟು ಹೊರಗೆ ಬರಲ್ಲ. ಹಾಗಾಗಿ ಬೋರ್ಡ್ ತೀರಾ ಹಾಳಾಗಿದ್ರೆ ಪ್ರೊಸೆಸರ್, ಮೆಮೊರಿ ಮತ್ತೆ ಅವಕ್ಕೆ ಜೋಡಿಯಾಗಿರೋ ಚಿಪ್ಪುಗಳನ್ನ ಒಟ್ಟಿಗೆ ಎತ್ತಿ ಅದೇ ಮಾಡೆಲ್ಲಿನ ಇನ್ನೊಂದು ಬೋರ್ಡಿಗೆ ಕೂರಿಸ್ತಾರೆ. ಕ್ಯಾಮೆರಾ, ಸ್ಪೀಕರ್ ಬರದೇ ಇದ್ರೂ ನಡೆಯತ್ತೆ, ಲಾಕ್ ತೆಗೆದು ಕಾಪಿ ಮುಗಿಯೋವರೆಗೆ ಒಂದ್ಸಲ ಆನ್ ಆಗಿದ್ರೆ ಸಾಕು.