ಹಳದಿ ಗೆರೆಯ ಈಚೆ

ಶಿವಮೊಗ್ಗದ ಸೋಗಾನೆ ವಿಮಾನ ನಿಲ್ದಾಣದಿಂದ ಬೆಂಗಳೂರಿಗೆ ಹೊರಟಾಗ ಕಿಟಕಿ ಪಕ್ಕ ಸೀಟು ಸಿಕ್ಕಿದರೆ, ವಿಮಾನ ರನ್‌ವೇ ಹತ್ತುವ ಮುಂಚೆ ಒಮ್ಮೆ ಕೆಳಗೆ ನೋಡಿ. ಮಳೆಗೆ ನೆನೆದ ಡಾಂಬರಿನ ಮೇಲೆ ಅಡ್ಡಕ್ಕೆ ನಾಲ್ಕು ಹಳದಿ ಗೆರೆಗಳಿರುತ್ತವೆ. ನಮ್ಮ ಕಡೆಯ ಎರಡು ಗೆರೆಗಳು ಅಖಂಡ, ರನ್‌ವೇ ಕಡೆಯ ಎರಡು ತುಂಡು ತುಂಡು. ಅಖಂಡ ಗೆರೆ ಎದುರಾದರೆ ನಿಲ್ಲಬೇಕು. ಟವರಿನವರು, ಅಂದರೆ ವಿಮಾನಗಳ ಓಡಾಟ ನಿಯಂತ್ರಿಸುವವರು, ಹೂಂ ಅನ್ನುವವರೆಗೆ ವಿಮಾನದ ಮೂತಿ ಕೂಡ ಆಚೆ ಹೋಗಬಾರದು. ಇಳಿದು ಬರುವಾಗ ಎದುರಾಗುವುದು ತುಂಡು ಗೆರೆ. ಆಗ ಬಾಲದ ತುದಿವರೆಗೂ ಈಚೆ ಬಂದ ಮೇಲೆಯೇ ರನ್‌ವೇ ಖಾಲಿಯಾದ ಲೆಕ್ಕ.

ತಾಳಗುಪ್ಪ ಲೈನಿನ ರೈಲ್ವೆ ಗೇಟಿನ ಹಾಗೇ ಇದು, ಅಲ್ವಾ? ಆದರೆ ಇಲ್ಲಿ ಅಡ್ಡ ಬೀಳುವ ಕಂಬವಿಲ್ಲ. ಇರುವುದು ಬಣ್ಣ, ದೀಪ, ಮಾತು ಅಷ್ಟೇ. ಗೇಟ್ ಹಾಕಿದೆ ಅನ್ನುವುದಕ್ಕೆ ಗೇಟ್‌ಮನ್ ಸ್ಟೇಷನ್ ಮಾಸ್ಟರಿಗೆ ಫೋನಿನಲ್ಲಿ ಒಂದು ನಂಬರ್ ಕೊಡುತ್ತಾರೆ. ಇಲ್ಲಿ ಪೈಲಟ್ ಟವರಿನ ಮಾತನ್ನು ಹಾಗೇ ತಿರುಗಿ ಹೇಳುತ್ತಾರೆ.

ಶಿವಮೊಗ್ಗದಲ್ಲಿ ಇರುವುದು 3,200 ಮೀಟರಿನ ಒಂದೇ ರನ್‌ವೇ. ದೊಡ್ಡ ನಿಲ್ದಾಣಗಳ ಕಥೆ ಬೇರೆ. ಎಷ್ಟೋ ಕಡೆ ಒಂದು ರನ್‌ವೇಯಲ್ಲಿ ಇಳಿದ ವಿಮಾನ ಟರ್ಮಿನಲ್ ಸೇರಲು ಇನ್ನೊಂದನ್ನು ದಾಟಲೇಬೇಕು. ಆ ಇನ್ನೊಂದರಲ್ಲಿ ಜೆಟ್ ವಿಮಾನ ಸೆಕೆಂಡಿಗೆ ಸುಮಾರು 70 ಮೀಟರ್ ವೇಗದಲ್ಲಿ ಬರುತ್ತಿರಬಹುದು.

2001ರ ಅಕ್ಟೋಬರ್ 8ರ ಬೆಳಿಗ್ಗೆ ಇಟಲಿಯ ಮಿಲಾನ್ ನಗರದ ಲಿನಾಟೆ ನಿಲ್ದಾಣದಲ್ಲಿ ನಮ್ಮ ಆಗುಂಬೆಯಂಥ ದಟ್ಟ ಮಂಜು. ಒಂದು ಸಣ್ಣ ಸೆಸ್ನಾ ಜೆಟ್‌ಗೆ ಟವರ್ ಹೇಳಿದ್ದು ಆರ್5 ದಾರಿ. ಪೈಲಟ್ ‘ಆರ್5’ ಅಂತಲೇ ತಿರುಗಿ ಹೇಳಿದರು. ಹಿಡಿದದ್ದು ಮಾತ್ರ ಆರ್6, ರನ್‌ವೇ ದಾಟಿ ಹೋಗುವ ದಾರಿ. ನಡುವೆ ‘ಎಸ್4 ಹತ್ತಿರ ಬಂದಿದ್ದೇವೆ’ ಅಂದರು. ನೆಲದ ಮೇಲೆ ಎಸ್4 ಅಂತ ಬರೆದದ್ದು ನಿಜ. ಆದರೆ ಟವರಿನವರ ನಕ್ಷೆಯಲ್ಲಿ ಆ ಗುರುತೇ ಇರಲಿಲ್ಲ. ನೆಲದ ಮೇಲಿನ ವಿಮಾನ ತೋರಿಸುವ ರೇಡಾರ್ ಕೂಡ ಆಗ ಕೆಲಸಕ್ಕೆ ಇರಲಿಲ್ಲ. ಟವರ್ ಮುಂದೆ ಹೋಗಲು ಹೇಳಿತು. ಸೆಸ್ನಾ ನಿಲ್ಲುವ ಗೆರೆ ದಾಟಿ ರನ್‌ವೇಗೆ ಬಂತು. ಅದೇ ಹೊತ್ತಿಗೆ ಕೋಪನ್‌ಹೇಗನ್‌ಗೆ ಹೊರಟಿದ್ದ ವಿಮಾನ ಮೇಲೇಳುತ್ತಿತ್ತು. ಎರಡೂ ಡಿಕ್ಕಿ ಹೊಡೆದು ಒಟ್ಟು 118 ಜನ ತೀರಿಕೊಂಡರು.

ನನಗೆ ಇವತ್ತಿಗೂ ಸಂಕಟವಾಗುವುದು ಆ ಎಸ್4 ವಿಷಯಕ್ಕೆ. ಕಂಡದ್ದನ್ನು ಕಂಡ ಹಾಗೆ ಹೇಳಿದರೂ ಕೇಳಿಸಿಕೊಂಡವರಿಗೆ ಅದು ಯಾವ ಜಾಗ ಅಂತ ಗೊತ್ತಾಗಲಿಲ್ಲ. ಹಾಗಾಗಿ ಸುಮ್ನೆ ಪೈಲಟ್ ತಪ್ಪು ಅಂದುಬಿಟ್ಟರೆ ಸಾಲದು. ಬಣ್ಣ ಮಾಸದಿರಬೇಕು, ಬೋರ್ಡು ನಕ್ಷೆಗೆ ತಾಳೆಯಾಗಬೇಕು, ಗೆರೆಯ ಉದ್ದಕ್ಕೂ ಹೂತಿಟ್ಟ ಕೆಂಪು ದೀಪಗಳು ಟವರಿನವರ ಕೈಯಲ್ಲೇ ಇರಬೇಕು.

ಎಲ್ಲಕ್ಕಿಂತ ಒಳ್ಳೆಯದು ದಾಟುವ ಪ್ರಸಂಗವೇ ಬಾರದಿರುವುದು. ಶಿವಮೊಗ್ಗದ ಸವಳಂಗ ರಸ್ತೆಯಲ್ಲಿ ರೈಲು ಹಳಿಗೆ ಮೇಲ್ಸೇತುವೆ ಆದ ಮೇಲೆ ಗೇಟ್ ಕಾಯುವ ಕೆಲಸವೇ ಇಲ್ಲ ನೋಡಿ. ಅಮೆರಿಕದ ಅಟ್ಲಾಂಟಾದಲ್ಲಿ 2007ರಲ್ಲಿ ರನ್‌ವೇ ತುದಿಯನ್ನು ಸುತ್ತಿ ಬರುವ ದಾರಿ ಮಾಡಿದರು. ಅದನ್ನು ರನ್‌ವೇಗಿಂತ ಸುಮಾರು 30 ಅಡಿ ತಗ್ಗಿನಲ್ಲಿ ಮಾಡಿದ್ದಾರೆ. ಮೇಲೇರುವ ವಿಮಾನಕ್ಕೆ ಕೆಳಗೆ ಹೋಗುವ ವಿಮಾನದ ಬಾಲ ಅಡ್ಡ ಬರಬಾರದಲ್ಲ.