ಗುಡ್ಡ, ಗಜನಿ, ಹಿತ್ತಲು: ಕಾರವಾರದಲ್ಲಿ ಮನೆ ಕಟ್ಟಲು ಜಾಗ ಎಲ್ಲಿದೆ?

ಕಳೆದ ಬೇಸಿಗೆಯಲ್ಲಿ ನಮ್ಮ ಪಕ್ಕದ ಹಿತ್ತಲಿಗೆ ಜೆಸಿಬಿ ಬಂತು. ಎರಡೇ ದಿನದ ಕೆಲಸ. ಮೊದಲ ದಿನ ಹೆಂಚಿನ ಮನೆ ಹೋಯಿತು. ಮರುದಿನ ಹತ್ತು ಹನ್ನೆರಡು ತೆಂಗು, ಒಂದು ಹಲಸು, ಬಾವಿ ಪಕ್ಕದ ಮುರುಗಲು ಮರ ಉರುಳಿದವು. ಚಿರೇಕಲ್ಲಿನ (ತೂತುತೂತಾದ ಕೆಂಪು ಜಂಬಿಟ್ಟಿಗೆ ಕಲ್ಲಿನ) ಬಾವಿಗೆ ಅದೇ ಮನೆಯ ಗೋಡೆಯ ಮಣ್ಣು ಸುರಿದು ಮುಚ್ಚಿದರು. ಈಗ ಅಲ್ಲಿ ನಾಲ್ಕು ಮಹಡಿ ಏಳುತ್ತಿದೆ. ಹದಿನಾರು ಮನೆಗಳು ಬರುತ್ತವಂತೆ.

ಆ ಬಾವಿಯ ನೀರು ಕುಡಿದು ಬೆಳೆದವನು ನಾನು. ಹೊಟ್ಟೆ ಉರಿಯಿತು. ಆದರೆ ಆ ಹದಿನಾರು ಕುಟುಂಬಗಳು ಇನ್ನೆಲ್ಲಿಗೆ ಹೋಗಬೇಕು? ಕಾರವಾರದ ನಕ್ಷೆ ಹರಡಿ ನೋಡಿ. ಪಶ್ಚಿಮಕ್ಕೆ ಸಮುದ್ರ, ಉತ್ತರಕ್ಕೆ ಕಾಳಿ ನದಿ, ಪೂರ್ವಕ್ಕೆ ಗುಡ್ಡ. ದಕ್ಷಿಣದಲ್ಲಿ ಬೈತಖೋಲ ಗುಡ್ಡ ದಾಟಿ ಸ್ವಲ್ಪ ಮುಂದೆ ಹೋದರೆ ನೌಕಾನೆಲೆ. ನಡುವೆ ಉಳಿದ ಚಪ್ಪಟೆ ನೆಲವೇ ಊರು.

ಈ ಇಕ್ಕಟ್ಟು ಮೊದಲಿನಿಂದ ಇರಲಿಲ್ಲ. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸ್ ಪ್ರಾಂತ್ಯದಿಂದ ಬಿಡಿಸಿ ಮುಂಬೈಗೆ ಸೇರಿಸಿದರು. ಅದರ ಹಿಂದೆ ಇದ್ದದ್ದು ಹತ್ತಿ. ಆಗ ಅಮೆರಿಕದಲ್ಲಿ ಅಂತರ್ಯುದ್ಧ ನಡೆಯುತ್ತಿತ್ತು. ಅಲ್ಲಿನ ಹತ್ತಿ ಬರುವುದು ನಿಂತು ಇಂಗ್ಲೆಂಡಿನ ಗಿರಣಿಗಳು ಒದ್ದಾಡುತ್ತಿದ್ದವು. ಧಾರವಾಡ ಸೀಮೆಯ ಹತ್ತಿಯನ್ನು ಕಾರವಾರ ಬಂದರಿನಿಂದ ಸಾಗಿಸಬೇಕು ಅನ್ನುವ ಲೆಕ್ಕಾಚಾರ ಶುರುವಾಯಿತು. ಮೀನುಗಾರರ ಹಳ್ಳಿಯಾಗಿದ್ದ ಜಾಗ ಜಿಲ್ಲಾ ಕೇಂದ್ರವಾಯಿತು. ಕಚೇರಿ, ಕೋರ್ಟು, ಬಂಗಲೆ ಎಲ್ಲ ಬಂದವು. ಘಟ್ಟ ಇಳಿದು ಬರಬೇಕಿದ್ದ ರೈಲು ಮಾತ್ರ ಬರಲಿಲ್ಲ. ಅದು ಗೋವಾದ ಮರ್ಮಗೋವಾ ಬಂದರಿಗೆ ಹೋಯಿತು. ವ್ಯಾಪಾರವೂ ಆ ಕಡೆಗೇ ಹೋಯಿತು.

ನನ್ನ ಪ್ರಕಾರ ಕಾರವಾರದ ಹಸಿರು ಉಳಿದದ್ದು ಹೀಗೆ. ಊರು ದೊಡ್ಡದಾಗಬೇಕಾದ ಕಾಲದಲ್ಲಿ ದೊಡ್ಡದಾಗಲಿಲ್ಲ. ಒಂದು ಮನೆ, ಸುತ್ತ ಹಿತ್ತಲು, ಒಂದು ಬಾವಿ, ನಾಲ್ಕು ತೆಂಗು, ಅಂಗಳದಲ್ಲಿ ತುಳಸಿ ಕಟ್ಟೆ. ಊರೆಲ್ಲ ಹೀಗೇ ಇತ್ತು. 1883ರಲ್ಲಿ ಇಪ್ಪತ್ತೆರಡರ ಯುವಕ ರವೀಂದ್ರನಾಥ ಟಾಗೋರ್ ಇಲ್ಲಿಗೆ ಬಂದರು. ಅವರ ಅಣ್ಣ ಸತ್ಯೇಂದ್ರನಾಥರು ಆಗ ಇಲ್ಲಿ ನ್ಯಾಯಾಧೀಶರು. ಆ ಹೊತ್ತಿಗಾಗಲೇ ಕಡಲ ದಂಡೆಯಲ್ಲಿ ಗಾಳಿಮರದ ತೋಪು ಎದ್ದು ನಿಂತಿತ್ತು.

ಚಿತ್ರ ಬದಲಾದದ್ದು ನೂರು ವರ್ಷದ ನಂತರ. 1986ರ ಅಕ್ಟೋಬರ್ 24ರಂದು ಪ್ರಧಾನಿ ರಾಜೀವ್ ಗಾಂಧಿ ಸೀಬರ್ಡ್ ನೌಕಾನೆಲೆಗೆ ಅಡಿಗಲ್ಲು ಹಾಕಿದರು. ಅದಕ್ಕಾಗಿ ಬಿಟ್ಟುಕೊಟ್ಟ ನೆಲ ಸುಮಾರು 11,000 ಎಕರೆ. ಅರಗಾದಿಂದ ಅಂಕೋಲಾ ಕಡೆಯವರೆಗಿನ ಹಳ್ಳಿಗಳ ನಾಲ್ಕು ಸಾವಿರಕ್ಕೂ ಹೆಚ್ಚು ಕುಟುಂಬಗಳು ಎದ್ದು ಹೋಗಬೇಕಾಯಿತು. ಗದ್ದೆ, ತೋಟ, ದೇವಸ್ಥಾನ ಎಲ್ಲ ಬಿಟ್ಟು ಬಂದವರಿಗೆ ಬೇರೆ ಕಡೆ ನೆಲ ಬೇಕಾಯಿತು. ಇತ್ತ ಕೈಗಾ ಅಣು ವಿದ್ಯುತ್ ಸ್ಥಾವರ ಬಂತು. 1998ರಲ್ಲಿ ಕೊಂಕಣ ರೈಲು ಪೂರ್ತಿಯಾಯಿತು. 2005ರಲ್ಲಿ ನೌಕಾನೆಲೆ ಕೆಲಸ ಶುರುಮಾಡಿತು. ಜನ ಜಾಸ್ತಿಯಾದರು, ಜಾಗ ಕಡಿಮೆಯಾಯಿತು.

ಇದರ ನಡುವೆಯೇ, 1991ರ ಫೆಬ್ರವರಿಯಲ್ಲಿ, ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ ಬಂತು. ಭರತದ ಗೆರೆಯಿಂದ, ಅಂದರೆ ಸಮುದ್ರ ಉಕ್ಕಿದಾಗ ನೀರು ಮುಟ್ಟುವ ಗಡಿಯಿಂದ, 500 ಮೀಟರ್ ಒಳಗೆ ಏನು ಕಟ್ಟಬೇಕಾದರೂ ನಿಯಮ. ಊರಾಗಿ ಬೆಳೆದ ಜಾಗದಲ್ಲಿ, ಈಗಿರುವ ರಸ್ತೆ ಅಥವಾ ಕಟ್ಟಡದಿಂದ ನೆಲದ ಕಡೆಗೆ ಮಾತ್ರ ಹೊಸ ಮನೆ. 2011ರಲ್ಲಿ, ಮತ್ತೆ 2019ರಲ್ಲಿ ನಿಯಮ ಬದಲಾಯಿತು. ದಂಡೆ ಉಳಿಯಲು ಈ ಕಾನೂನು ಬೇಕೇ ಬೇಕು. ಆದರೆ ಸಮುದ್ರದ ಕಡೆ ಅರ್ಧ ಬಾಗಿಲು ಹಾಕಿದ ಮೇಲೆ ಜನ ಗುಡ್ಡದ ಬುಡಕ್ಕೂ ಗಜನಿಗೂ (ಉಪ್ಪುನೀರು ಬಂದುಹೋಗುವ ತಗ್ಗು ಗದ್ದೆಗೂ) ಹೊರಳಿದರು. ಅಲ್ಲಿ ಸೈಟು ಅಗ್ಗ ಅಲ್ವಾ?

ಗುಡ್ಡದ ಬುಡ ಎಂದರೆ ನನಗೆ ಮೊದಲು ನೆನಪಾಗುವುದು ಕಾರವಾರದ ಹತ್ತಿರದ ಕಡವಾಡದ ಝರಿವಾಡ. 2009ರ ಅಕ್ಟೋಬರ್ ಮೊದಲ ವಾರ. ಬಿಡದೆ ಸುರಿದ ಮಳೆಗೆ ಗುಡ್ಡ ಕುಸಿದು ಮನೆಗಳ ಮೇಲೆ ಬಂತು. 19 ಜನ ಸತ್ತರು. ನಮ್ಮ ಗುಡ್ಡಗಳ ಮೇಲ್ಪದರದಲ್ಲಿ ಚಿರೇಕಲ್ಲು ಇರುತ್ತದೆ. ಅದರ ಕೆಳಗೆ ಶೇಡಿ. ಹಬ್ಬಕ್ಕೆ ಅಂಗಳದಲ್ಲಿ ಶೇಡಿ ಬರೆಯುತ್ತೇವಲ್ಲ, ಅದೇ ಜಾತಿಯ ನುಣುಪು ಬಿಳಿ ಮಣ್ಣು. ಚಿರೇಕಲ್ಲಿನ ತೂತುಗಳಲ್ಲಿ ಮಳೆನೀರು ಸಲೀಸಾಗಿ ಇಳಿಯುತ್ತದೆ, ಶೇಡಿಗೆ ಬಂದು ನಿಂತುಬಿಡುತ್ತದೆ. ಶೇಡಿ ನೆನೆದು ಸೋಪಿನ ಹಾಗೆ ಆಗುತ್ತದೆ. ಮೇಲಿನ ಭಾರವನ್ನು ಹಿಡಿದಿಟ್ಟದ್ದು ಮರದ ಬೇರು ಮತ್ತು ಗುಡ್ಡದ ಕಾಲು. ಸೈಟು ಸಮತಟ್ಟು ಮಾಡಲು ನಾವು ಕಡಿಯುವುದು ಅವೆರಡನ್ನೇ. ವರ್ಷಕ್ಕೆ ಸುಮಾರು 3,000 ಮಿಲಿಮೀಟರ್ ಮಳೆ ಬೀಳುವ ಊರಿದು. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿ ಪಕ್ಕದ ಗುಡ್ಡ ಗಂಗಾವಳಿ ನದಿಗೇ ಜಾರಿತು. ಅದನ್ನು ದೇಶವೇ ನೋಡಿತು.

ಗಜನಿಯದು ಇನ್ನೊಂದು ಕಥೆ. ಸುಂಕೇರಿ ಕಡೆ ಕಾಳಿಯ ಅಂಚಿನಲ್ಲಿರುವ ಈ ತಗ್ಗು ಗದ್ದೆಗಳಿಗೆ ಭರತದಲ್ಲಿ ಉಪ್ಪುನೀರು ಬರುತ್ತದೆ, ಇಳಿತದಲ್ಲಿ ಹೋಗುತ್ತದೆ. ಮಳೆಗಾಲದಲ್ಲಿ ಗುಡ್ಡದ ನೀರು ಬಂದು ನಿಲ್ಲುವುದೂ ಇಲ್ಲೇ. ಬೇಸಾಯ ಬಿಟ್ಟ ಗಜನಿ ನೋಡುವವರ ಕಣ್ಣಿಗೆ ಪಾಳು ಜಾಗ. ಮಣ್ಣು ತುಂಬಿಸಿದರೆ ಸೈಟು. ಆದರೆ ಅಲ್ಲಿ ನಿಲ್ಲಬೇಕಿದ್ದ ನೀರು ಪಕ್ಕದ ಓಣಿಗೆ ನುಗ್ಗುತ್ತದೆ.

ಅದಕ್ಕೇ ನಾನು ಅಪಾರ್ಟ್‌ಮೆಂಟಿನ ವಿರೋಧಿ ಅಲ್ಲ. ರಸ್ತೆ, ದೀಪ, ಶಾಲೆ ಇರುವ ಕಡೆ, ಊರ ನಡುವೆ ನಾಲ್ಕು ಮಹಡಿ ಏಳಲಿ. ಹದಿನಾರು ಮನೆ ಒಂದರ ಮೇಲೊಂದು ಬಂದರೆ, ಗುಡ್ಡದ ಬುಡದಲ್ಲಿ ಹದಿನಾರು ಸೈಟು ಕಡಿಯುವುದು ತಪ್ಪುತ್ತದೆ. ನನ್ನ ತಕರಾರು ಇರುವುದು ಮುಚ್ಚಿದ ಆ ಬಾವಿಯ ಬಗ್ಗೆ, ಗೋಡೆಯಿಂದ ಗೋಡೆಗೆ ಹಾಕಿದ ಕಾಂಕ್ರೀಟಿನ ಬಗ್ಗೆ. ದಂಡೆಯ ಊರುಗಳಲ್ಲಿ ಮಳೆಯ ಸಿಹಿನೀರು ಮರಳಿನೊಳಗೆ ಉಪ್ಪುನೀರಿನ ಮೇಲೆ ತೇಲುತ್ತಾ ಇರುತ್ತದೆ. ಮೇಲಿನಿಂದ ಮಳೆ ಇಂಗದಿದ್ದರೆ, ಕೆಳಗಿನಿಂದ ಬೋರ್‌ವೆಲ್ ಎಳೆಯುತ್ತಲೇ ಇದ್ದರೆ ಉಪ್ಪು ಮೇಲೆ ಬರುತ್ತದೆ. ನಲ್ಲಿ ನೀರಿಗೆ ನಾವು ಆಗಲೇ ಅಂಕೋಲಾ ತಾಲೂಕಿನ ಗಂಗಾವಳಿಯನ್ನು ನಂಬಿಕೊಂಡಿದ್ದೇವೆ. ಇರುವ ಬಾವಿಯನ್ನೂ ಮುಚ್ಚಿದರೆ ಹೇಗೆ?

ಕಾನೂನು ಇಲ್ಲ ಅಂತಲ್ಲ. ಮರ ಕಡಿಯಲು ಅನುಮತಿ ಬೇಕು ಅನ್ನುವ ಕಾಯ್ದೆ 1976ರದ್ದು. ಉದ್ಯಾನ, ಆಟದ ಮೈದಾನ ಉಳಿಸುವ ಕಾಯ್ದೆ 1985ರದ್ದು. ಆದರೆ ಕಾರವಾರದ ಹಸಿರು ಪಾರ್ಕಿನಲ್ಲಿ ಇರಲೇ ಇಲ್ಲ. ಅದು ಇದ್ದದ್ದು ಖಾಸಗಿ ಹಿತ್ತಲಲ್ಲಿ, ಗುಡ್ಡದಲ್ಲಿ, ಗಜನಿಯಲ್ಲಿ. 2020ರ ಜನವರಿಯಲ್ಲಿ ಬಂದರು ವಿಸ್ತರಣೆಯಿಂದ ಟಾಗೋರ್ ಕಡಲತೀರ ಹೋಗುತ್ತದೆ ಎಂದು ಮೀನುಗಾರರು ಬೀದಿಗಿಳಿದಾಗ ಊರೇ ಜೊತೆಗೆ ನಿಂತಿತು. ದಂಡೆ ಎಲ್ಲರಿಗೂ ಕಾಣುತ್ತದೆ. ಹಿತ್ತಲಿನ ಬಾವಿ ಕಾಂಪೌಂಡಿನ ಆಚೆ ಯಾರಿಗೂ ಕಾಣುವುದಿಲ್ಲ.

ಗುಡ್ಡದ ಬುಡದಲ್ಲಿ ಸೈಟು ನೋಡಲು ಹೊರಟವರು ದಯವಿಟ್ಟು ಆಷಾಢದ ಮಳೆಯಲ್ಲಿ ಹೋಗಿ, ಬೇಸಿಗೆಯಲ್ಲಿ ಬೇಡ. ಸೈಟಿನ ಹಿಂದಿರುವ ಧರೆ, ಅಂದರೆ ಗುಡ್ಡ ಕಡಿದಾಗ ಉಳಿದ ಮಣ್ಣಿನ ಗೋಡೆ ನೋಡಿ. ಕಡಿದ ಮಣ್ಣಿನಲ್ಲಿ ಬಿಳಿ ಪದರ ಕಾಣುತ್ತದೆಯಾ? ಅಲ್ಲಿಂದ ನೀರು ಜಿನುಗುತ್ತಿದೆಯಾ? ಮೇಲಿನ ಮರಗಳು ನೆಟ್ಟಗಿವೆಯಾ, ಕೆಳಗೆ ಬಾಗಿವೆಯಾ? ಆಮೇಲೆ ಅಲ್ಲಿನ ಹಳಬರೊಬ್ಬರನ್ನು ಹುಡುಕಿ, ಈ ನೀರು ಮೊದಲು ಎಲ್ಲಿ ಹರಿಯುತ್ತಿತ್ತು ಅಂತ ಕೇಳಿ.